ಕಡಲೆಕಾಯಿ ವ್ಯಾಪಾರಿಯ ಬಲಗಿವಿ

ಹೋದ ವರ್ಷ ಫೆಬ್ರುವರಿ ಎರಡನೇ ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ, ಮಧುಗಿರಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ, ನಾನು ಒಬ್ಬ ಕಡಲೆಕಾಯಿ ವ್ಯಾಪಾರಿಯ ಬಲಗಿವಿಯ ಶಸ್ತ್ರಚಿಕಿತ್ಸೆ ಶುರು ಮಾಡಿದೆ. ಮಧ್ಯಾಹ್ನ ಒಂದೂ ಕಾಲಿಗೆ ಕೊನೆಯ ಹೊಲಿಗೆ ಹಾಕಿದೆ. ಒಳಗೆ ಹೋಗುವಾಗ ಆ ಕಿವಿ ಕೇಳುತ್ತಿತ್ತು. ಹೊರಗೆ ಬಂದ ಮೇಲೆ ಕೇಳಲಿಲ್ಲ.

ಅವರು ಮೊದಲ ಸಲ ನನ್ನ ಹತ್ತಿರ ಬಂದದ್ದು ಜನವರಿಯಲ್ಲಿ. ಗೌಡಗೆರೆ ಹೋಬಳಿಯವರು, ಐವತ್ತರ ಹತ್ತಿರದ ವಯಸ್ಸು. ಪಾವಗಡ, ನಾಗಲಮಡಿಕೆ ಕಡೆಯ ರೈತರಿಂದ ಕಡಲೆಕಾಯಿ ಕೊಂಡು ಎಣ್ಣೆ ಗಿರಣಿಗೆ ಹಾಕುವುದು ಕೆಲಸ. ಜೊತೆಗೆ ಹೆಂಡತಿ ಇದ್ದರು, ಅಕ್ಕನ ಗಂಡ ಇದ್ದರು. ಆ ಮನೆಯಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ ಈ ಭಾವನಿಂದ ಎಂಬುದು ಐದು ನಿಮಿಷದಲ್ಲಿ ಗೊತ್ತಾಯಿತು. ರೋಗಿಯನ್ನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಅವರಿಂದಲೇ ಬರುತ್ತಿತ್ತು.

"ಎಷ್ಟು ವರ್ಷದಿಂದ ಸೋರ್ತಾ ಇದೆ?"

"ಚಿಕ್ಕುಡುಗ ಆಗಿದ್ದಾಗ್ಲಿಂದ ಕಣಮ್ಮ," ಎಂದರು ಭಾವ. "ಮಳೆಗಾಲ್ದಾಗೆ ಒಸಿ ಜಾಸ್ತಿ."

"ಮಳೆಗಾಲ ಬ್ಯಾಸ್ಗೆ ಏನಿಲ್ಲ, ವರ್ಷಪೂರ್ತಿ," ಎಂದರು ಹೆಂಡತಿ. "ದಿಂಬಿನ್ ಕವರು ತೊಳ್ಯೋಳು ನಾನು. ಇವ್ರಿಗೇನ್ ಗೊತ್ತು?"

ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಮೆಡಿಕಲ್ ಸ್ಟೋರಿನವರು ಕೊಟ್ಟ ಡ್ರಾಪ್ಸ್, ಎಲ್ಲವೂ ಆಗಿದ್ದವು. ಕೀವಿಗೆ ವಾಸನೆ ಇತ್ತು. ಆದರೆ ಅವರು ಬಂದದ್ದು ಸೋರುವುದಕ್ಕಲ್ಲ. ಹದಿನೈದು ದಿನದ ಹಿಂದೆ ಮೂಟೆಗಳ ಮೇಲೆ ಕೂತು ಬಲಗಿವಿ ಕೆರೆದುಕೊಂಡಾಗ ಜಗತ್ತು ಗಿರ್ರನೆ ತಿರುಗಿ ಕೆಳಗೆ ಬಿದ್ದಿದ್ದರು. ನಾನು ಅದೇ ಕಿವಿಯ ಮುಂದಿನ ಮೃದುವಾದ ಭಾಗವನ್ನು ಬೆರಳಿನಿಂದ ಒತ್ತಿದೆ. ಕಣ್ಣುಗುಡ್ಡೆಗಳು ಪಕ್ಕಕ್ಕೆ ಸರಿದು ಜರ್ಕು ಹೊಡೆದವು. ಅವರು ಮೇಜಿನ ಅಂಚು ಹಿಡಿದುಕೊಂಡರು. ಹೀಗಾದರೆ ಸೋಂಕು ಮೂಳೆಯನ್ನು ತಿಂದು, ದೇಹದ ಸಮತೋಲ ನೋಡಿಕೊಳ್ಳುವ ಒಳಗಿವಿಯ ನಾಳದ ಗೋಡೆಯವರೆಗೂ ತಲುಪಿದೆ ಎಂದು ಅರ್ಥ. ಅದೇ ದಾರಿಯಲ್ಲಿ ಮೇಲಕ್ಕೆ ಹೋದರೆ ಮಿದುಳಿನ ಹೊದಿಕೆ.

ಮಧ್ಯಕಿವಿಯಲ್ಲಿ ಮೂರು ಪುಟ್ಟ ಮೂಳೆಗಳಿವೆ, ಆಕಾರದಿಂದ ಬಂದ ಹೆಸರುಗಳು: ಸುತ್ತಿಗೆ, ಅಡಿಗಲ್ಲು, ಕುದುರೆ ಸವಾರ ಕಾಲಿಡುವ ರಿಕಾಪು. ಕಿವಿತಮಟೆಯ ಕಂಪನವನ್ನು ಇವು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಒಳಗಿವಿಗೆ ಮುಟ್ಟಿಸುತ್ತವೆ. ಅವರ ಎಡಗಿವಿಯ ತಮಟೆಯಲ್ಲಿ ದೊಡ್ಡ ತೂತು. ಹತ್ತಿರ ನಿಂತು ಕೂಗಿದರೆ ಮಾತ್ರ ಕೇಳುತ್ತಿತ್ತು. ಬಲಗಿವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಮಟೆಯ ಮೇಲಂಚಿನಲ್ಲಿ ಬಿಳಿ ಹೊಟ್ಟಿನಂಥ ಪದರ. ಇದು ಕೊಲೆಸ್ಟಿಯಟೋಮಾ. ಹೊರಗಿರಬೇಕಾದ ಚರ್ಮ ಕಿವಿಯೊಳಗೆ ಚೀಲದಂತೆ ಬೆಳೆದು, ಸುತ್ತಲಿನ ಮೂಳೆಯನ್ನು ಸವೆಸುತ್ತ ಹೋಗುತ್ತದೆ. ಔಷಧಿಗೆ ಬಗ್ಗುವುದಲ್ಲ.

ತುಮಕೂರಿನಲ್ಲಿ ಮಾಡಿಸಿದ ಸ್ಕ್ಯಾನಿನಲ್ಲಿ ಬಲಗಿವಿಯ ಅಡಿಗಲ್ಲು ಕಾಣಲಿಲ್ಲ. ರಿಕಾಪಿನ ಕಮಾನೂ ಇರಲಿಲ್ಲ, ಒಳಗಿವಿಯ ಬಾಗಿಲಿಗೆ ಕೂತ ಅದರ ಪಾದ ಮಾತ್ರ ಉಳಿದಿತ್ತು. ಆದರೆ ಶ್ರವಣ ಪರೀಕ್ಷೆಯ ಕಾಗದದಲ್ಲಿ ಅದೇ ಕಿವಿ ಸಾಧಾರಣ ಮಾತನ್ನು ಆರಾಮವಾಗಿ ಕೇಳುತ್ತಿತ್ತು. ಮೂಳೆ ಇಲ್ಲ, ಕೇಳುತ್ತದೆ. ಇದಕ್ಕೆ ವಿವರಣೆ ಒಂದೇ. ಮೂಳೆಗಳನ್ನು ತಿಂದ ಚೀಲವೇ ಅವುಗಳ ಜಾಗದಲ್ಲಿ ಗಟ್ಟಿಯಾಗಿ ಕೂತು ಶಬ್ದ ದಾಟಿಸುತ್ತಿತ್ತು. ಚೀಲ ತೆಗೆದ ದಿನ ಸೇತುವೆಯೂ ಹೋಗುತ್ತದೆ.

ಕೆಲಸದಲ್ಲಿ ಕಿವಿಯ ಬಳಕೆ ಎಷ್ಟು ಎಂದು ರೋಗಿಯನ್ನು ಕೇಳಿದೆ. ಆವತ್ತು ಅವರೇ ಬಾಯಿ ಬಿಟ್ಟು ಉತ್ತರಿಸಿದ ಪ್ರಶ್ನೆ ಇದೊಂದೇ.

"ಕಿವೀನೇ ಯಾಪಾರ ಡಾಕ್ಟ್ರಮ್ಮ. ಒಂದ್ ಹಿಡಿ ಕಾಯಿ ತಗಂಡು ಕಿವಿ ತಾವ ಅಳ್ಳಾಡ್ಸುದ್ರೆ ಗೊತ್ತಾಯ್ತದೆ. ಒಣಗಿದ್ರೆ ಗಲಗಲ ಅಂತದೆ. ಹಸಿ ಇದ್ರೆ ದನೀನೇ ಇರಲ್ಲ. ಜೊಳ್ಳಿಂದು ಬ್ಯಾರೆ ಸದ್ದು."

"ತೇವ ನೋಡೋ ಮೀಟರ್ ಬಂದಿದೆಯಲ್ಲ?"

"ಐತೆ. ಮೀಟ್ರು ಹಾಕಿ ಅದು ಲೆಕ್ಕ ತೋರ್ಸೋ ಹೊತ್ಗೆ ಇನ್ನೊಬ್ಬ ಮೂಟೆ ಹೊರ್ಸಿರ್ತಾನೆ."

ಅವರು ಹೊರಗೆ ಹೋದ ಮೇಲೆ ಭಾವ ವಾಪಸ್ ಬಂದು ಬಾಗಿಲು ಮುಂದಕ್ಕೆ ಹಾಕಿದರು. ಈ ಕಡೆಯಲ್ಲಿ ಇದು ಹೊಸದಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಎಲ್ಲಿ ಕೆಲಸ ಮಾಡಿದರೂ ಕಂಡಿದ್ದೇನೆ. ಮನೆಯ ಹಿರಿಯರು ವೈದ್ಯರನ್ನು ಪಕ್ಕಕ್ಕೆ ಕರೆದು, ಕೆಟ್ಟ ಸುದ್ದಿಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ರೋಗಿಗೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಅವರ ಜವಾಬ್ದಾರಿ.

"ಕೆಟ್ಟುದ್ದೇನಾದ್ರೂ ಇದ್ರೆ ನಂಗೇಳ್ಬುಡಿ," ಎಂದರು. "ಅವನ ಮುಂದೆ ಬ್ಯಾಡ. ಪುಕ್ಲ. ಟೇಬಲ್ ಮ್ಯಾಲಿಂದ ಎದ್ದೋಯ್ತಾನೆ. ನಾನು ಟೈಮ್ ನೋಡಿ ಹೇಳ್ತೀನಿ."

ನಾನು ಎಲ್ಲವನ್ನೂ ಅವರಿಗೆ ಹೇಳಿದೆ. ಮೊದಲ ಶಸ್ತ್ರಚಿಕಿತ್ಸೆಯ ನಂತರ ಈಗ ಇರುವ ಶ್ರವಣವೂ ಹೋಗುತ್ತದೆ. ಸುಮಾರು ಒಂಬತ್ತು ತಿಂಗಳ ಮೇಲೆ ಮತ್ತೆ ತೆರೆದು, ರೋಗ ಉಳಿದಿಲ್ಲ ಎಂದು ಖಾತ್ರಿಯಾದರೆ ಮೂಳೆಯ ಬದಲಿ ಕೂರಿಸುತ್ತೇವೆ. ಅದು ಸರಿಹೋಗಬಹುದು, ಹೋಗದೆಯೂ ಇರಬಹುದು. ಅವರು ಕೇಳಿಸಿಕೊಂಡು ತಮ್ಮ ಮಾತಿನಲ್ಲಿ ವಾಪಸ್ ಹೇಳಿದರು:

"ಅಂದ್ರೆ ಹುತ್ತವೇ ಕಂಬ ಆಗೈತೆ. ಕಿತ್ರೆ ಸೂರು ಕುಂತ್ಕಂತದೆ. ಆಮ್ಯಾಕೆ ಹೊಸ ಕಂಬ."

ಹಿಂದೆ ಕಾಲೇಜಿನಲ್ಲಿ ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಗೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಕೇಸ್ ಶೀಟಿನಲ್ಲಿ 'ಸಂಬಂಧಿಕರಿಗೆ ವಿವರಿಸಲಾಗಿದೆ' ಎಂದು ಬರೆದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಅಚ್ಚಾದದ್ದು. ಭಾವ ಬೆರಳಿಟ್ಟು ತೋರಿಸಿದ ಜಾಗದಲ್ಲಿ ರೋಗಿ ಸಹಿ ಹಾಕಿದರು. ರೋಗಿಗೆ ನಾನು ನೇರವಾಗಿ ಹೇಳಬೇಕಿತ್ತು. ಹೇಳಲಿಲ್ಲ. ಅವರು ಎದ್ದು ಹೋದಾರು ಎಂಬ ಭಯ ಭಾವನಿಗೆ ಮಾತ್ರ ಇದ್ದದ್ದಲ್ಲ.

ಅರಿವಳಿಕೆ ವೈದ್ಯರು ತುಮಕೂರಿನಿಂದ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿದ್ದರು. ಆ ಮಂಗಳವಾರ ಕಿವಿಯ ಹಿಂದೆ ಕೊಯ್ದು, ಅಲ್ಲಿನ ಮೂಳೆಯನ್ನು ಡ್ರಿಲ್ಲಿನಿಂದ ತೆರೆಯುತ್ತ ಒಳಗೆ ಹೋದೆ. ಡ್ರಿಲ್ಲಿನ ಕೆಳಗೆ ನೀರು ಹರಿಯುತ್ತಲೇ ಇರಬೇಕು. ಇಲ್ಲದಿದ್ದರೆ ಬಿಸಿಗೆ ಮುಖದ ನರ ಸುಡುತ್ತದೆ. ಒಂದು ಗಂಟೆಯ ಕೆಲಸದ ನಂತರ ಚೀಲ ಕಂಡಿತು. ಮುತ್ತಿನ ಬಣ್ಣ, ಹುಣಸೆ ಬೀಜದಷ್ಟು. ಸಮತೋಲದ ನಾಳದ ಮೇಲೆ ಮೂಳೆ ಪೂರ್ತಿ ಸವೆದು ಒಳಗಿನ ನಾಳ ನೀಲಿ ಗೆರೆಯಾಗಿ ಕಾಣುತ್ತಿತ್ತು. ಆ ಜಾಗದ ಪೊರೆಯನ್ನು ಕೊನೆಗೆ ಬಿಡಿಸಿ, ತಕ್ಷಣ ಸ್ನಾಯುವಿನ ಹೊದಿಕೆಯ ತುಂಡಿನಿಂದ ಮುಚ್ಚಿದೆ.

ಚೀಲದ ಇನ್ನೊಂದು ತುದಿ ರಿಕಾಪಿನ ಪಾದದ ಮೇಲೆ ಕೂತಿತ್ತು. ಊಹಿಸಿದಂತೆಯೇ ಸೇತುವೆ. ಅದನ್ನು ಬಿಟ್ಟರೆ ಶ್ರವಣ ಉಳಿಯುತ್ತದೆ, ರೋಗವೂ ಉಳಿಯುತ್ತದೆ. ಸೂಜಿಯ ಮೊನೆಯಿಂದ ಸುತ್ತ ಬಿಡಿಸಿ ಎತ್ತಿದೆ. ಪಾದ ಕಿತ್ತು ಬರದೆ ತನ್ನ ಜಾಗದಲ್ಲಿ ಉಳಿಯಿತು. ಸುತ್ತಲಿನ ಒಳಪದರ ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತಿತ್ತು.

"ಬದಲಿ ಮೂಳೆ ಇವತ್ತೇ ಕೂರಿಸಿಬಿಡಿ ಮೇಡಂ," ಎಂದರು ಅರಿವಳಿಕೆ ವೈದ್ಯರು. "ಹೊರಗೆ ಕೂತಿರೋ ಭಾವನ ಮುಖ ನೋಡಿದ್ದೀರಲ್ಲ."

"ಇಷ್ಟು ಊದಿರೋ ಜಾಗದಲ್ಲಿ ಕಂಬ ನಿಲ್ಲಲ್ಲ. ರೋಗದ ಒಂದು ಚೂರು ಉಳಿದಿದ್ರೆ ಅದರ ಕೆಳಗೆ ಮುಚ್ಚಿಹೋಗುತ್ತೆ."

"ನೀವು ಹೇಳೋದು ಸರಿ. ಬೈಸಿಕೊಳ್ಳೋದೂ ನೀವೇ."

ಕೂರಿಸಲಿಲ್ಲ. ತಮಟೆಗೆ ಹೊಸ ಪದರ ಹಾಸಿ, ಮುಲಾಮು ಹಚ್ಚಿದ ಪಟ್ಟಿ ತುಂಬಿ ಮುಚ್ಚಿದೆ.

ಮಾರ್ಚ್ ಮೊದಲ ಶನಿವಾರ ಪಟ್ಟಿ ತೆಗೆದೆ. ಮೂವರೂ ಬಂದಿದ್ದರು. ಗಾಯ ಒಣಗಿತ್ತು. ತಲೆಸುತ್ತು ನಿಂತಿತ್ತು. ಹಿಂದೆ ನಿಂತಿದ್ದ ಹೆಂಡತಿ "ರೀ" ಎಂದರು. ಅವರು ತಿರುಗಲಿಲ್ಲ. "ರೀ, ನಿಮ್ಮುನ್ನೇ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅಂಗಿಯ ಜೇಬಿಗೆ ಕೈಹಾಕಿ ಮನೆಯಿಂದ ತಂದಿದ್ದ ಒಂದು ಹಿಡಿ ಕಡಲೆಕಾಯಿ ತೆಗೆದರು. ಬಲಗಿವಿಯ ಹತ್ತಿರ ಅಲ್ಲಾಡಿಸಿದರು. ನಿಲ್ಲಿಸಿ, ಮುಷ್ಟಿ ಬಿಗಿಮಾಡಿ, ಮತ್ತೆ ಅಲ್ಲಾಡಿಸಿದರು. ಎಡಗಿವಿಗೂ ಹಿಡಿದು ನೋಡಿದರು. ಕಾಯಿಗಳನ್ನು ನನ್ನ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು.

ಶ್ರುತಿಕವೆಯನ್ನು, ಝೇಂಕರಿಸುವ ಉಕ್ಕಿನ ಕವಲನ್ನು, ಮಿಡಿದು ಅವರ ಹಣೆಗೆ ಒತ್ತಿದೆ. ಅವರು ಬಲಗಿವಿಯ ಕಡೆ ಬೆರಳು ತೋರಿಸಿದರು. ತಲೆಬುರುಡೆಯ ಮೂಲಕ ಬಂದ ಸದ್ದು ಅಲ್ಲಿ ಕೇಳಿಸಿತ್ತು; ಒಳಗಿವಿ ಬದುಕಿತ್ತು, ಹೊರಗಿನ ಶಬ್ದ ದಾಟುವ ದಾರಿ ಮಾತ್ರ ಕಡಿದಿತ್ತು. ಅದನ್ನು ನಾನು ಹೇಳುವ ಮೊದಲೇ ಹೆಂಡತಿ ಶುರು ಮಾಡಿದ್ದರು.

"ಮಾತಾಡ್ಕಂಡು ಬಂದ ಮನ್ಸನ್ನ ಮೂಗ್ನಂಗೆ ಮಾಡಿ ಕೂರ್ಸಿದ್ದೀರಲ್ಲಾ! ಇದ್ಕೇನಾ ಮೂರು ವಾರ ಪಟ್ಟಿ ಕಟ್ಟಿದ್ದು?"

"ಇದು ಮೊದಲನೇ ಹಂತ ಅಂತ ಮುಂಚೆಯೇ ಹೇಳಿದ್ದೆ."

"ಯಾರಿಗೇಳಿದ್ರಿ?"

ನಾನು ಭಾವನ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. "ನಂಗೇನೂ ಹೇಳ್ನಿಲ್ಲ," ಎಂದರು. "ಆಪ್ರೇಸನ್ ಮಾಡ್ತೀವಿ, ಸರಿಹೋಯ್ತದೆ ಅಂದ್ರು. ಅಷ್ಟೇಯ."

ಸೋಮವಾರ ಎರಡು ಗಾಡಿಗಳಲ್ಲಿ ಹತ್ತು ಹನ್ನೆರಡು ಜನ ಬಂದರು. ಒಬ್ಬ ಮೊಬೈಲ್ ಹಿಡಿದು ಚಿತ್ರೀಕರಿಸುತ್ತ ವರದಿಗಾರನ ದನಿಯಲ್ಲಿ ಹೇಳುತ್ತಿದ್ದ: "ನೋಡಿ, ಇವ್ರು ಕಿವಿ ಡಾಕ್ಟ್ರಂತೆ. ಕಿವಿ ಕಿತ್ಕಳೋ ಡಾಕ್ಟ್ರು." ಭಾವ ಸ್ವಾಗತದ ಮೇಜಿನ ಮೇಲೆಯೇ ಕೂತಿದ್ದರು.

"ಹುತ್ತ, ಕಂಬ ಅಂತ ನೀವೇ ಹೇಳಿದ್ರಲ್ಲ," ಎಂದೆ.

"ಯಾವ್ ಕಂಬ? ಲೈಟ್ ಕಂಬಾನಾ?"

ಎಲ್ಲರೂ ನಕ್ಕರು. ಯಾರೋ ಕುರ್ಚಿ ಒದ್ದರು. "ಕರೀರ್ಲಾ ಪೇಪರ್ನೋರ್ನ" ಎಂದು ಇನ್ಯಾರೋ ಕೂಗಿದರು. ರೋಗಿ ಬಾಗಿಲ ಹತ್ತಿರ ನಿಂತು, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ನೋಟ ಹೊರಳಿಸುತ್ತಿದ್ದರು. ಅವರ ಕಿವಿಯ ಬಗ್ಗೆ ಒಂದು ಗಂಟೆ ನಡೆದ ಜಗಳದಲ್ಲಿ ಅವರಿಗೆ ಒಂದು ಮಾತೂ ಕೇಳಿಸಿರಲಿಕ್ಕಿಲ್ಲ. ಯಾರೂ ಅವರ ಕಿವಿಯ ಹತ್ತಿರ ಹೋಗಿ ಏನಾಗುತ್ತಿದೆ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ.

ನರ್ಸಿಂಗ್ ಹೋಮಿನ ಮಾಲೀಕರು ನನಗೆ ಒಂದು ವಾರ ರಜೆಯ ಮೇಲೆ ಹೋಗಿ ಎಂದರು. ಹೋಗಲಿಲ್ಲ. ಬಾಗಿಲಲ್ಲಿ ಪೊಲೀಸ್ ಪೇದೆಯೊಬ್ಬರನ್ನು ಕೂರಿಸಿದರು. ಹೊರರೋಗಿಗಳ ಸಾಲು ಅರ್ಧಕ್ಕೆ ಇಳಿಯಿತು. ಹತ್ತು ದಿನದ ನಂತರ ಜಿಲ್ಲಾ ಮಟ್ಟದ ವಿಚಾರಣಾ ಸಮಿತಿಯಿಂದ, ರೋಗಿಯ ಸಹಿ ಇದ್ದ ದೂರಿನ ಪ್ರತಿ ಬಂತು. 'ಕೇಳುತ್ತಿದ್ದ ಕಿವಿಯನ್ನು ಕೇಳದಂತೆ ಮಾಡಿದ್ದಾರೆ' ಎಂದು ಬರೆದಿತ್ತು. ಆ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಇನ್ನು ಮುಂದೆ ರೋಗಿಯನ್ನು ಭೇಟಿಯಾಗಬೇಡಿ, ಹೇಳುವುದನ್ನೆಲ್ಲ ಬರವಣಿಗೆಯಲ್ಲಿ ಸಮಿತಿಗೆ ಹೇಳಿ ಎಂದು ನನ್ನ ವಕೀಲರು ಸೂಚಿಸಿದರು.

ಆದರೆ ನನ್ನ ಚಿಂತೆ ಕಿವಿಯದಾಗಿತ್ತು. ಮೂಳೆ ತೆರೆದ ಜಾಗದಲ್ಲಿ ಒಂದು ಗೂಡು ಉಳಿದಿರುತ್ತದೆ. ವಾರಗಟ್ಟಲೆ ಅದನ್ನು ಸೂಕ್ಷ್ಮದರ್ಶಕದಡಿ ಶುಚಿ ಮಾಡಬೇಕು. ಮಾಡದಿದ್ದರೆ ಕೊಳೆ ಕಟ್ಟಿ ಸೋಂಕು ವಾಪಸ್ ಬರುತ್ತದೆ, ಎರಡನೇ ಹಂತದ ಮಾತೇ ಉಳಿಯುವುದಿಲ್ಲ. ಆ ಜಗಳದ ನಂತರ ಮಾರ್ಚ್, ಏಪ್ರಿಲ್ ಪೂರ್ತಿ ಅವರು ಬರಲಿಲ್ಲ. ಬೇರೆ ಆಸ್ಪತ್ರೆಗಾದರೂ ಹೋಗಲಿ ಎಂದು ಐದು ಸಲ ಫೋನ್ ಮಾಡಿದೆ. ಐದನೇ ಸಲ ಹೆಂಡತಿ ಎತ್ತಿದರು.

"ಯಾಕೆ, ಇನ್ನೊಂದ್ ಕಿವೀನೂ ಬೇಕಾ?" ಎಂದು ಕೇಳಿ ಇಟ್ಟುಬಿಟ್ಟರು.

ಮೇ ತಿಂಗಳ ನಡುವೆ, ವಕೀಲರಿಗೆ ತಿಳಿಸದೆ, ನಾನು ಪಾವಗಡಕ್ಕೆ ಹೋದೆ. ಕೊಳವೆಬಾವಿ ನೀರಿನ ಬೇಸಿಗೆ ಬೆಳೆ ಬರುತ್ತಿತ್ತು. ಊರಾಚೆಯ ಬಯಲಿನಲ್ಲಿ ಹತ್ತಾರು ರಾಶಿ ಬಿದ್ದಿದ್ದವು. ಅವರು ಒಂದು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಾಯಿ ಒಡೆದು, ಬೀಜ ಕಚ್ಚಿ ನೋಡುತ್ತಿದ್ದರು. ಒಂದೊಂದೇ ಕಚ್ಚಿ ನೋಡಲು ಹೊತ್ತು ಹಿಡಿಯುತ್ತಿತ್ತು. ರಾಶಿಯ ರೈತ ಬೇಸತ್ತು ತೆಲುಗಿನಲ್ಲಿ "ಏಮನ್ನಾ, ವಿನಪಡಲೇದಾ?" ಎಂದ. ಕೇಳಿಸಲಿಲ್ಲವೇ ಎಂದು. ಪಕ್ಕದ ರಾಶಿಯಲ್ಲಿದ್ದ ಇನ್ನೊಬ್ಬ ವ್ಯಾಪಾರಿ ನಕ್ಕ. "ಬುಡಪ್ಪಾ, ಅಣ್ಣ ಈಗ ಕಾಯಿ ಮಾತು ಕೇಳಲ್ಲ, ಕಾಯೇ ತಿಂತಾನೆ. ಸಾಯಂಕಾಲ್ದೊತ್ಗೆ ಅರ್ಧ ಮೂಟೆ ಖಾಲಿ."

ನನ್ನನ್ನು ಕಂಡು ಅವರು ಎದ್ದರು. ಕಿವಿಯ ಹತ್ತಿರ ಕೂಗಿದರೆ ಬಯಲಿನವರಿಗೆಲ್ಲ ಕೇಳುತ್ತಿತ್ತು. ನೋಟ್‌ಪುಸ್ತಕ ತೆಗೆದು ಕನ್ನಡದಲ್ಲಿ ಬರೆದೆ. ಕಿವಿಯಲ್ಲಿ ಏನಿತ್ತು, ತೆಗೆದರೆ ಏನಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು, ಈಗ ಶುಚಿ ಮಾಡಿಸದಿದ್ದರೆ ಏನಾಗುತ್ತದೆ, ಎರಡನೇ ಸಲ ಏನು ಮಾಡಬಹುದು. ಅವರು ಎರಡು ಸಲ ಓದಿದರು.

ಇಂಥ ಕಿವುಡಿನಲ್ಲಿ ತನ್ನ ದನಿ ತನಗೆ ದೊಡ್ಡದಾಗಿ ಕೇಳುತ್ತದೆ. ಆದ್ದರಿಂದ ಮಾತು ಮೆಲ್ಲಗಾಗುತ್ತದೆ. ಅವರು ನನ್ನನ್ನು ಬೈದದ್ದೂ ಮೆಲ್ಲಗೆ.

"ಇದು ನಮ್ ಭಾವಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿ, 'ನಿಮಗೆ ಹೇಳುವುದು ಬೇಡ ಎಂದರು' ಎಂದು ಬರೆದೆ.

"ಕಿವಿ ಯಾರ್ದು, ನಮ್ ಭಾವಂದಾ?"

ಅವರು ಹಾಳೆಯ ಮೇಲೆ ಬೆರಳಿಟ್ಟರು.

"ಅವ್ನು ಹಳೆ ಕಾಲದೋನು, ಬ್ಯಾಡ ಅಂದ. ನೀವು ಓದ್ದೋರು. ನೀವ್ಯಾಕೆ ಊ ಅಂದ್ರಿ?"

'ನೀವು ಎದ್ದು ಹೋಗುತ್ತೀರಿ ಎಂದು' ಎಂದು ಬರೆದೆ.

"ಓಯ್ತಿದ್ದೆ. ಓಗಿ ಎಲ್ಡ್ ದಿನ ಯೋಚ್ನೆ ಮಾಡಿ ಬತ್ತಿದ್ದೆ. ಸಾಯೋ ಆಸೆ ನಂಗೇನಿರ್ನಿಲ್ಲ." ಹಾಳೆಯನ್ನು ಹರಿದು ಮಡಚಿ ಜೇಬಿಗೆ ಹಾಕಿಕೊಂಡರು. "ಇದು ನನ್ ತಾವಿರ್ಲಿ. ಕಿವಿ ತೊಳಸ್ಕಳಾಕೆ ಬತ್ತೀನಿ. ಅದ್ಬುಟ್ಟು ಬ್ಯಾರೆ ಮಾತು ಬ್ಯಾಡ."

ಮುಂದಿನ ಸೋಮವಾರ ಬಂದರು. ಗೂಡಿನಲ್ಲಿ ಕೊಳೆ ತುಂಬಿತ್ತು, ಒಂದು ಮೂಲೆಯಲ್ಲಿ ಕೀವು ಶುರುವಾಗಿತ್ತು. ಮೂರು ವಾರದಲ್ಲಿ ಹತೋಟಿಗೆ ಬಂತು. ಆಮೇಲೆ ತಿಂಗಳಿಗೊಮ್ಮೆ ಬಂದರು. ಒಂದು ಸಲವೂ ನಮಸ್ಕಾರ ಹೇಳಲಿಲ್ಲ. ನಾನು ಬರೆದುಕೊಟ್ಟ ಹಾಳೆಯ ನಕಲನ್ನು ಅವರು ಜೂನ್‌ನಲ್ಲಿ ಸಮಿತಿಯ ಕಡತಕ್ಕೆ ಸೇರಿಸಿದ್ದು ವಕೀಲರಿಂದ ಗೊತ್ತಾಯಿತು. ತಮಗೆ ತಿಳಿಸದೆ ಪಾವಗಡಕ್ಕೆ ಹೋದದ್ದರ ಬಗ್ಗೆ ವಕೀಲರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು.

ಎರಡನೇ ಶಸ್ತ್ರಚಿಕಿತ್ಸೆ ಡಿಸೆಂಬರ್ ಮೊದಲ ಶುಕ್ರವಾರ ನಡೆಯಿತು. ಮಾಡಿಸುವುದಾದರೆ ಬೇರೆಯವರ ಹತ್ತಿರ ಹೋಗಬಹುದು, ಕಾಗದಪತ್ರ ಎಲ್ಲ ಕೊಡುತ್ತೇನೆ ಎಂದು ಬರೆದು ತೋರಿಸಿದ್ದೆ. "ಒಳಗೆ ಏನೈತೆ ಅಂತ ನೋಡಿರೋರು ನೀವು. ಇನ್ನೊಬ್ಬನ ಕೈಗೆ ಯಾಕೆ ಹೊಸ್ದಾಗಿ ಕೊಡ್ಲಿ?" ಎಂದರು. ಒಪ್ಪಿಗೆ ಪತ್ರ ಈ ಸಲ ಕನ್ನಡದಲ್ಲಿತ್ತು. ಹೆಂಡತಿ ಅದನ್ನು ಗಟ್ಟಿಯಾಗಿ ಓದಿದರು. 'ಒಳಗಿವಿ ಶಾಶ್ವತವಾಗಿ ಹಾಳಾಗಬಹುದು' ಎಂಬಲ್ಲಿ ನಿಲ್ಲಿಸಿ, "ಈ ಸಲ ಏನ್ ಕಳೀತೀವಿ ಅಂತ ಮೊದ್ಲೇ ಬರ್ದವ್ರೆ, ಪುಣ್ಯಾತ್ಗಿತ್ತಿ," ಎಂದರು. ಸಹಿಯ ಮೇಲೆ ರೋಗಿ ತಮ್ಮ ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು: 'ಇದನ್ನು ನನಗೇ ಹೇಳಿದ್ದಾರೆ.' ಭಾವ ಬಂದಿರಲಿಲ್ಲ.

ತೆರೆದಾಗ ಒಳಪದರ ತಿಳಿಯಾಗಿತ್ತು. ರಿಕಾಪಿನ ಪಾದದ ಹಿಂದಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚೂರು ಉಳಿದಿತ್ತು. ಅದನ್ನು ಪೊರೆ ಒಡೆಯದಂತೆ ಇಡಿಯಾಗಿ ತೆಗೆದೆ. ಪಾದವನ್ನು ಸೂಜಿಯಿಂದ ಮುಟ್ಟಿದೆ, ಅಲುಗಾಡಿತು; ಕಂಪನ ದಾಟಲು ಅದು ಹಾಗೆ ಅಲುಗಬೇಕು. ಅದರ ಮೇಲೆ ಟೈಟಾನಿಯಂ ಕಡ್ಡಿಯೊಂದನ್ನು ಅಳತೆಗೆ ಕತ್ತರಿಸಿ ನಿಲ್ಲಿಸಿದೆ. ಮೊದಲ ಸಲ ವಾಲಿತು. ತೆಗೆದು ಒಂದು ಕೂದಲೆಳೆ ಕಡಿಮೆ ಮಾಡಿ ಮತ್ತೆ ಇಟ್ಟೆ, ನಿಂತಿತು. ಕಿವಿಯ ಹೊರಭಾಗದಿಂದ ತೆಗೆದ ತೆಳು ಮೃದ್ವಸ್ಥಿಯ ಬಿಲ್ಲೆಯನ್ನು ಅದರ ತಲೆಯ ಮೇಲಿಟ್ಟು ತಮಟೆಗೆ ಸೇರಿಸಿದೆ.

ಪಟ್ಟಿ ತೆಗೆದ ದಿನ ಅವರು ಮುಂದಿನ ಪರೀಕ್ಷೆಯ ತಾರೀಕು ಬರೆಸಿಕೊಂಡು ಹೋದರು. ಈ ವರ್ಷದ ಫೆಬ್ರುವರಿಯ ಶ್ರವಣ ಪರೀಕ್ಷೆಯಲ್ಲಿ ಬಲಗಿವಿ ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆ ಇದ್ದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಂತಿತ್ತು. ತೀರ ಸಣ್ಣ ಸದ್ದು ಕೇಳುವುದಿಲ್ಲ. ಮಾತು ಕೇಳುತ್ತದೆ.

ಸಮಿತಿಯ ವಿಚಾರಣೆ ಈ ವರ್ಷ ಏಪ್ರಿಲ್‌ನಲ್ಲಿ ನಡೆಯಿತು. ಭಾವನಿಗೂ ಹಾಜರಾಗಲು ಪತ್ರ ಹೋಗಿತ್ತು, ಅವರು ಬರಲಿಲ್ಲ. ಸದಸ್ಯರು ಉದ್ದ ಮೇಜಿನ ಆಚೆ ತುದಿಯಲ್ಲಿ ಕೂತಿದ್ದರು. ಮೇಲೆ ಫ್ಯಾನ್ ತಿರುಗುತ್ತಿತ್ತು, ಕಿಟಕಿಯ ಹೊರಗೆ ರಸ್ತೆ. ವ್ಯಾಪಾರಿ ಈಚೆ ತುದಿಯಲ್ಲಿ ಒಬ್ಬರೇ ಕೂತರು. ಮುಕ್ಕಾಲು ಗಂಟೆ ಅವರನ್ನು ಪ್ರಶ್ನಿಸಿದರು. ಎಲ್ಲದಕ್ಕೂ ಉತ್ತರಿಸಿದರು. ಯಾವ ಪ್ರಶ್ನೆಯನ್ನೂ ಎರಡನೇ ಸಲ ಕೇಳಬೇಕಾಗಲಿಲ್ಲ. ಕಿವಿ ಈಗ ಕೇಳುತ್ತಿದೆಯಲ್ಲ, ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂಬುದು ಕೊನೆಯ ಪ್ರಶ್ನೆ. ಇಲ್ಲ ಎಂದರು.